ಒಬ್ಬರೇ ಓದಬಾರದ ಪುಸ್ತಕ

ಆ ಊರಿನಲ್ಲಿ ಇದ್ದದ್ದು ಒಂದೇ ಕಥೆಪುಸ್ತಕ, ಅದೂ ದೆವ್ವಗಳದು.

ಅಂಗೈಗಿಂತ ಸ್ವಲ್ಪ ದೊಡ್ಡದಾದ, ತೆಳು ಹೊದಿಕೆಯ ಹಳೆಯ ಪುಸ್ತಕ. ಹೊದಿಕೆಯ ಮೇಲೆ ಒಂದು ಕಾಲಕ್ಕೆ ಕೆಂಪಾಗಿದ್ದು ಈಗ ಕಿತ್ತಳೆಗೆ ಇಳಿದ ಆಕಾಶ. ಅದರ ಕೆಳಗೊಂದು ಮನೆ, ಮನೆಯ ಮೇಲ್ಕಿಟಕಿಯಲ್ಲಿ ದೀಪ ಹಿಡಿದ ಹಳದಿ ಕೈ. ಕೈ ಮಾತ್ರ, ಅದರ ಹಿಂದೆ ಯಾರೂ ಇಲ್ಲ. ಒಳಗೆ ಹನ್ನೆರಡು ಕಥೆಗಳು. ಎಲ್ಲವೂ ಹಳೆಯವು, ದೂರದೂರದ ದೇಶದವು, ಹೆಸರು ಮಾಡಿದವು. ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು; ಮೂಗಿಗೆ ಹಿಡಿದರೆ ಬಹಳ ದಿನ ತೆರೆಯದ ಬೀರುವಿನ ವಾಸನೆ. ಅದನ್ನು ಊರಿಗೆ ತಂದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಛತ್ರದ ಜಗಲಿಯ ಮೇಲೆ ಯಾರೋ ಪ್ರಯಾಣಿಕ ಬಿಟ್ಟು ಎದ್ದುಹೋದ ಅನ್ನುತ್ತಿದ್ದರು.

ಹೊದಿಕೆಯ ಕೆಳಗಂಚಿನಲ್ಲಿ ಒಂದು ಸಾಲು ಅಚ್ಚಾಗಿತ್ತು: 'ಒಬ್ಬರೇ ಇದ್ದಾಗ ಓದಬೇಡಿ.' ಬೇರೆ ಊರಿನವರಾಗಿದ್ದರೆ ನಕ್ಕು, ಒಬ್ಬರೇ ಕೂತು ಓದುತ್ತಿದ್ದರು. ಈ ಊರಿನವರು ಅಚ್ಚಾದ ಮಾತನ್ನು ನಂಬುವ ಜನ. ಅದನ್ನೇ ಕಟ್ಟಳೆ ಮಾಡಿಕೊಂಡರು.

ಹಾಗಾಗಿ ವರ್ಷಕ್ಕೊಂದು ದಿನ, ಒಳ್ಳೆ ಬಿಸಿಲಿರುವ ಒಂದು ಬೆಳಗ್ಗೆ, ಊರಿಗೆ ಊರೇ ಛತ್ರದ ಮುಂದೆ ಕೂತು ಪುಸ್ತಕ ಕೇಳುತ್ತಿತ್ತು. ಓದುವ ಕೆಲಸ ಒಬ್ಬರದು. ಅವರನ್ನು ಎಲ್ಲರೂ ಓದುವವರು ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಧ್ವನಿ ಮಾತ್ರ ಕಂಚಿನದು. ಅವರು ಜಗಲಿಯ ಮೇಲೆ ಎದ್ದು ನಿಂತು, ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಕೇಳುತ್ತಿದ್ದರು: "ಒಬ್ಬರೇ ಇದ್ದೀರಾ?"

"ಇಲ್ಲ, ಎಲ್ಲರೂ ಇದ್ದೀವಿ," ಎಂದು ಊರು ಹೇಳುತ್ತಿತ್ತು.

"ಒಬ್ಬರೇ ಇದ್ದೀರಾ?"

"ಇಲ್ಲ, ಎಲ್ಲರೂ ಇದ್ದೀವಿ."

ಮೂರು ಸಲ ಹೀಗೆ ಕೇಳಿ, ಮೂರು ಸಲ ಹೇಳಿಸಿಕೊಂಡು, ಆಮೇಲೆ ಮೊದಲ ಹಾಳೆ ತೆರೆಯುತ್ತಿದ್ದರು.

ಇದರ ಹಿಂದೆಯೇ ಇನ್ನೊಂದು ಕಟ್ಟಳೆ ಬೆಳೆದುಕೊಂಡಿತ್ತು. ಕಥೆ ಅಂದಮೇಲೆ ಅದಕ್ಕೊಂದು ಜಾಗ ಬೇಕು ಎಂದು ಹಿಂದಿನವರು ಹನ್ನೆರಡು ಕಥೆಗೂ ಊರಿನಲ್ಲೇ ಒಂದೊಂದು ಜಾಗ ಕೊಟ್ಟಿದ್ದರು. ಕಥೆ ಇರುವಲ್ಲಿ ಕಾಲಿಡಬಾರದು. ಮೆಟ್ಟಿಲಿನ ಕಥೆಯನ್ನು ಗಡಿಯಾರದ ಗೋಪುರಕ್ಕೆ ಕೊಟ್ಟರು. ಕೀ ಕೊಡಲು ಹತ್ತುವವರಿಲ್ಲದೆ ಗಡಿಯಾರ ನಾಲ್ಕೂ ಹತ್ತಕ್ಕೆ ನಿಂತುಬಿಟ್ಟಿತು. ತುಂಡು ಕೈಯ ಕಥೆಯನ್ನು ಸೇತುವೆಯ ಎಡಗಡೆಯ ಕಂಬಿಗೆ ಕೊಟ್ಟರು. ಅಂದಿನಿಂದ ಹೋಗುವವರೂ ಬರುವವರೂ ಬಲಗಡೆಯನ್ನೇ ಹಿಡಿದು, ನಡುವೆ ಎದುರಾದರೆ 'ನೀವು ಹೋಗಿ, ನೀವು ಹೋಗಿ' ಎಂದು ಬಹಳ ಹೊತ್ತು ನಿಲ್ಲುತ್ತಿದ್ದರು. ಕನ್ನಡಿಯ ಕಥೆ ಕ್ಷೌರದಂಗಡಿಗೆ ಹೋಯಿತು. ಅಲ್ಲಿನ ದೊಡ್ಡ ಕನ್ನಡಿಗೆ ಚಾಪೆ ಹೊದಿಸಿದರು, ಊರಿನ ಗಂಡಸರ ಮೀಸೆಗಳು ಒಂದು ಕಡೆ ಉದ್ದ ಒಂದು ಕಡೆ ಗಿಡ್ಡವಾದವು. ಕರಿಬೆಕ್ಕಿನ ಕಥೆಗೆ ಮೂಡಣ ಓಣಿ. ಸಂತೆಗೆ ಅದೇ ಹತ್ತಿರದ ದಾರಿ, ಆದರೂ ಜನ ಮೂರು ಬೀದಿ ಸುತ್ತಿ ಹೋಗುತ್ತಿದ್ದರು. ಮರದ ಕಥೆಗೆ ಹಲಸಿನ ಮರ. ಹಣ್ಣುಗಳು ಬಿದ್ದು ಒಡೆದು ಊರಿಗೆಲ್ಲ ಪರಿಮಳ ಕಳಿಸುತ್ತಿದ್ದವು, ಒಂದು ತೊಳೆ ತಿಂದವರಿರಲಿಲ್ಲ.

ಹನ್ನೆರಡನೆಯದು ನೀರಿನ ಹೆಂಗಸಿನ ಕಥೆ. ಅದು ಊರಾಚೆಯ ಕಲ್ಲುಕ್ವಾರಿಯ ಹೊಂಡಕ್ಕೆ ಸೇರಿದ್ದು. ಓದುವವರು ಅದನ್ನು ಕೊನೆಯಲ್ಲಿ ಓದುತ್ತಿದ್ದರು, ಸಣ್ಣ ಧ್ವನಿಯಲ್ಲಿ. ಬಿಸಿಲು ನೆತ್ತಿಯ ಮೇಲಿದ್ದರೂ ಕೇಳುವವರ ಬೆನ್ನು ತಣ್ಣಗಾಗುತ್ತಿತ್ತು. ಹನ್ನೊಂದು ಜಾಗಗಳನ್ನು ಜನ ದೂರದಿಂದಾದರೂ ನೋಡುತ್ತಿದ್ದರು. ಹೊಂಡದ ಕಡೆಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಒಂದು ವರ್ಷ, ಓದುವ ದಿನಕ್ಕೆ ಹನ್ನೊಂದು ದಿನ ಇರುವಾಗ, ಓದುವವರು ಪುಸ್ತಕವನ್ನು ಬಿಳಿ ವಸ್ತ್ರದಲ್ಲಿ ಸುತ್ತಿಕೊಂಡು ಕಟ್ಟುವವಳ ಮನೆಗೆ ಬಂದರು.

ಕಟ್ಟುವವಳು ಎಂದರೆ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಮೂವತ್ತರ ಆಸುಪಾಸಿನ, ಒಬ್ಬಳೇ ಇದ್ದು ಅದರಲ್ಲೇ ಸುಖವಾಗಿದ್ದ ಹೆಂಗಸು. ಬೆಳಗ್ಗೆ ಎದ್ದು ಮೈದಾ ಅಂಟು ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಹಾಡಿಕೊಂಡು ಕೆಲಸಕ್ಕೆ ಕೂರುತ್ತಿದ್ದಳು. ಪಂಚಾಂಗ, ಭಜನೆ ಪುಸ್ತಕ, ಮಕ್ಕಳ ಪಾಠದ ಪುಸ್ತಕ ಎಲ್ಲ ಅವಳ ದಬ್ಬಣ ದಾಟಿಯೇ ಹೋಗಬೇಕು. ಈ ಪುಸ್ತಕ ಮಾತ್ರ ಅವಳ ಕೈಗೆ ಬಂದದ್ದು ಇದೇ ಮೊದಲು.

ವಸ್ತ್ರ ಬಿಚ್ಚಿದ ಕೂಡಲೇ ನಾಲ್ಕು ಹಾಳೆ ಜಾರಿ ಮಡಿಲಿಗೆ ಬಿದ್ದವು.

"ಬೆನ್ನಿನ ಅಂಟು ಸತ್ತೇ ಹೋಗಿದೆ, ಮಾವ," ಎಂದಳು. "ಪೂರಾ ಬಿಡಿಸಿ, ಮಗ್ಗುಲಿಗೆ ಹೊಲಿಗೆ ಹಾಕಬೇಕು."

"ಹಾಕು ತಾಯಿ. ಆದರೆ ಓದಬೇಡ."

"ನಾನಿರೋದೇ ಒಬ್ಬಳು. ಹೇಗೆ ಓದಲಿ?"

ಓದುವವರು ತೃಪ್ತಿಯಿಂದ ತಲೆಯಾಡಿಸಿ ಹೋದರು.

ಅವಳು ಹಾಳೆಗಳನ್ನೆಲ್ಲ ಬಿಡಿಸಿ, ಬೆನ್ನಿನ ಒಣ ಅಂಟನ್ನು ಕೆರೆದು, ಒಪ್ಪವಾಗಿ ಮಣೆಯ ಮೇಲೆ ಜೋಡಿಸಿಟ್ಟು, ಅಂಟು ಕಲಕಲು ಎದ್ದಳು. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬಂತು. ಬಿರುಗಾಳಿಯೇನಲ್ಲ, ಬಟ್ಟೆ ಒಣಗಿಸುವಂಥ ಸಾಧಾರಣ ಗಾಳಿ. ಹಾಳೆಗಳು ಪಾರಿವಾಳಗಳ ಹಾಗೆ ಎದ್ದು ಮನೆಯೆಲ್ಲ ಹಾರಾಡಿದವು. ಕೆಲವು ಅಟ್ಟಕ್ಕೆ ಹೋದವು, ಕೆಲವು ನೀರಿನ ಹಂಡೆಯ ಹಿಂದಕ್ಕೆ, ಒಂದು ಹಿತ್ತಲಿನ ನುಗ್ಗೆ ಮರಕ್ಕೆ.

ಎಲ್ಲವನ್ನೂ ಹೆಕ್ಕಿ ತಂದಳು, ಒಂದೂ ಕಳೆಯಲಿಲ್ಲ. ಆದರೆ ಪುಟದ ಸಂಖ್ಯೆಗಳಿದ್ದ ಕೆಳಮೂಲೆಗಳನ್ನು ಹುಳ ಎಂದೋ ತಿಂದು ಮುಗಿಸಿತ್ತು. ಯಾವ ಹಾಳೆಯ ಹಿಂದೆ ಯಾವುದು ಎಂದು ತಿಳಿಯಬೇಕಾದರೆ ಓದಬೇಕು. ಓದಬೇಕಾದರೆ ಇನ್ನೊಬ್ಬರು ಬೇಕು.

ಎಡಮನೆಗೆ ಹೋಗಿ ಕೇಳಿದಳು. "ಓದೋ ದಿನ ಹ್ಯಾಗೂ ಬರುತ್ತಲ್ಲ," ಎಂದರು ಅವರು, "ವರ್ಷಕ್ಕೊಂದು ಸಲ ಹೆದರಿದರೆ ಸಾಕಮ್ಮ." ಬಲಮನೆಯವರು ಬಾಗಿಲನ್ನೇ ತೆರೆಯದೆ ಅದೇ ಮಾತು ಹೇಳಿದರು. ಹಿಂದಿನ ಮನೆಯ ಸೂಲಗಿತ್ತಿ ಅಜ್ಜಿ ಬರುತ್ತಿದ್ದಳೇನೋ. ಊರಿನಲ್ಲೇ ಎಲ್ಲರಿಗಿಂತ ಹಿರಿಯಳು, ಯಾವುದಕ್ಕೂ ಜಗ್ಗದವಳು. ಅವಳು ಹೆರಿಗೆ ಮಾಡಿಸಲು ಪಕ್ಕದ ಹಳ್ಳಿಗೆ ಹೋಗಿದ್ದಳು. ಬರುವುದು ಯಾವಾಗ ಎಂದು ಕೇಳಿದರೆ, ಮಗುವನ್ನು ಕೇಳಬೇಕು ಎಂದರು.

ಕಟ್ಟುವವಳು ಪ್ರಾಮಾಣಿಕಳು. ಕಣ್ಣು ಅರೆಮುಚ್ಚಿ, ಅಕ್ಷರಗಳನ್ನು ಬರೀ ಇರುವೆ ಸಾಲಿನ ಹಾಗೆ ನೋಡುತ್ತ ಕೂತಳು. ಕಥೆಯ ಮೊದಲ ಹಾಳೆಗಳ ದಪ್ಪಕ್ಷರದ ತಲೆಬರಹಗಳು ತಾವಾಗಿ ಕಣ್ಣಿಗೆ ಬಿದ್ದವು, ಅದಕ್ಕೆ ಏನೂ ಮಾಡುವಂತಿರಲಿಲ್ಲ. ಮಿಕ್ಕವನ್ನು ಕಲೆ ನೋಡಿ ಜೋಡಿಸಿದಳು. ಈ ಹಾಳೆಯ ಕಂದು ಕಲೆಗೆ ಆ ಹಾಳೆಯ ಕಂದು ಕಲೆ, ಈ ತೂತಿಗೆ ಆ ತೂತು, ಈ ಹರಿದ ಅಂಚಿಗೆ ಆ ಹರಿದ ಅಂಚು. ಒಂಬತ್ತು ದಿನ ಕೂತಳು. ಕೊನೆಗೆ ಎಲ್ಲವೂ ಒಂದಕ್ಕೊಂದು ಹೊಂದಿದಂತೆ ಕಂಡಿತು. ದಬ್ಬಣದಿಂದ ಚುಚ್ಚಿ, ಮೇಣ ಸವರಿದ ದಾರದಿಂದ ಹೊಲಿದು, ನೀಲಿ ಬಟ್ಟೆಯ ಬೆನ್ನು ಹಾಕಿ, ಹಳದಿ ಕೈಯ ಹೊದಿಕೆಯನ್ನು ಮೇಲೆ ಅಂಟಿಸಿದಳು. ಅಷ್ಟು ಚೆಂದದ ಕೆಲಸವನ್ನು ತಾನೇ ಹಿಂದೆ ಮಾಡಿರಲಿಲ್ಲ ಎನ್ನಿಸಿತು.

ಓದುವ ದಿನ ಬಿಸಿಲು ಹೊಸದಾಗಿ ತೊಳೆದಿಟ್ಟಂತಿತ್ತು. ಊರು ನೆರೆಯಿತು. ಮುಂದಿನ ಸಾಲಿನಲ್ಲಿ ಊರಿನ ಯಜಮಾನರು, ಅವರ ಪಕ್ಕದಲ್ಲಿ ಹೆರಿಗೆ ಮುಗಿಸಿ ಬಂದಿದ್ದ ಸೂಲಗಿತ್ತಿ ಅಜ್ಜಿ. ಓದುವವರು ಮೂರು ಸಲ ಕೇಳಿದರು, ಊರು ಮೂರು ಸಲ ಹೇಳಿತು. ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಮೊದಲ ಕಥೆ ಮೆಟ್ಟಿಲಿನದು. ಯಾರದೋ ಹಳೆಯ ಬಂಗಲೆ, ಯಾರೋ ದೊರೆ. ಅವನು ಒಂದೊಂದೇ ಮೆಟ್ಟಿಲು ಹತ್ತುತ್ತಾನೆ. ಮೇಲಿನ ಕೋಣೆಯಲ್ಲಿ ಯಾರೋ ಉಸಿರಾಡುವ ಸದ್ದು. ಅವನು ಬಾಗಿಲಿಗೆ ಕೈ ಇಟ್ಟ. ಬಾಗಿಲು ತಾನಾಗಿ ತೆರೆಯಿತು. ಒಳಗೆ ನಿಂತಿದ್ದ ಆಕೃತಿ ನಿಧಾನವಾಗಿ ತಿರುಗಿ—

ಓದುವವರು ಹಾಳೆ ತಿರುವಿದರು.

"—'ಸಕ್ಕರೆ ಎರಡು ಚಮಚ ಸಾಕಾ?' ಎಂದು ಕೇಳಿತು."

ಓದುವವರಿಗೆ ಕಥೆಗಳೆಲ್ಲ ಬಾಯಿಪಾಠ, ಆದರೆ ಹಾಳೆಯಲ್ಲಿಲ್ಲದ ಒಂದು ಪದವನ್ನೂ ಅವರು ಓದಿದವರಲ್ಲ ಎಂದು ಊರು ನಂಬಿತ್ತು. ಅವರು ಕೆಮ್ಮಿ ಮುಂದುವರಿದರು. ದೊರೆ ಚಹಾ ಕುಡಿದ. ಚಹಾ ಕುಡಿದು ಬೆಕ್ಕಿನ ತಲೆ ಸವರಿದ. ಬೆಕ್ಕು, ನಿನ್ನನ್ನು ಪ್ರೀತಿಸುತ್ತೇನೆ ಎಲಿಜ಼ಾ, ಎಂದಿತು.

ಎಲ್ಲೋ ಒಂದು ಗೊರಕೆಯಂಥ ಸದ್ದಾಯಿತು. ಎಲ್ಲರೂ ತಿರುಗಿದರು. ಸೂಲಗಿತ್ತಿ ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಸೆರಗು ಜಾರಿ ಬಿದ್ದಾಗ ನಗು ಹೊರಗೆ ಬಂತು. ಅವಳ ಹಿಂದೆಯೇ ಯಜಮಾನರೂ ನಕ್ಕರು. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ತುಂಡು ಕೈ ತೆವಳಿಕೊಂಡು ಬಂದು ಮಲಗಿದ್ದವನ ಕುತ್ತಿಗೆ ಮುಟ್ಟಿ ಪಿಟೀಲು ನುಡಿಸಿತು. ಕನ್ನಡಿಯೊಳಗಿನ ಮುಖ ಎಲೆ ಉದುರಿಸಿ ಹೊಸ ಚಿಗುರು ಬಿಟ್ಟಿತು. ಮಕ್ಕಳು ನಕ್ಕು ನಕ್ಕು ಬಿಕ್ಕಳಿಸಿದರು. ಗೋಡೆಯ ಬದಿಯಲ್ಲಿ ನಿಂತಿದ್ದ ಕಟ್ಟುವವಳು ಮಾತ್ರ ಬೆವರುತ್ತಿದ್ದಳು.

ಹೀಗೆ ಹನ್ನೆರಡನೆಯದು ಬಂತು. ಓದುವವರ ಧ್ವನಿ ಇಳಿಯಿತು. ನಗು ಸ್ವಲ್ಪ ಅಡಗಿತು. ಹೊಂಡದ ನೀರು ಅಲುಗಿತು. ಒದ್ದೆ ಕೂದಲು ಕಂಡಿತು. ಹಸಿರು ಲಂಗ ನೀರಿನ ಮೇಲೆ ಎಲೆಯ ಹಾಗೆ ಹರಡಿತು. ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ. ಅವಳು ದಡದಲ್ಲಿದ್ದವನ ಕಡೆ ಎರಡೂ ಕೈ ಚಾಚಿ—

ಹಾಳೆ ತಿರುಗಿತು.

"—'ಸೊಂಟದಲ್ಲಿ ಸ್ವಲ್ಪ ಸಡಿಲ ಇರಲಿ' ಎಂದು ದರ್ಜಿಗೆ ಹೇಳಿದಳು."

ಆ ನಗು ಆ ದಿನದ ಎಲ್ಲಾ ನಗುವಿಗಿಂತ ದೊಡ್ಡದು. ಜನ ನೆಲಕ್ಕೆ ಒರಗಿದರು. ಓದುವವರು ಪುಸ್ತಕ ಮುಚ್ಚಿದರು. ಅಷ್ಟು ವರ್ಷದಲ್ಲಿ ಕೊನೆ ಮುಟ್ಟಿಸದೆ ಅವರು ಪುಸ್ತಕ ಮುಚ್ಚಿದ್ದು ಅದೇ ಮೊದಲು. ಕೆಳಗಿಳಿದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು. ಅವರು ಹೋದದ್ದನ್ನು ಕಂಡವರು ಇಬ್ಬರೇ. ಒಬ್ಬಳು ಕಟ್ಟುವವಳು. ಇನ್ನೊಬ್ಬಳು ಸೂಲಗಿತ್ತಿ ಅಜ್ಜಿ. ಕೊನೆಯ ಕಥೆಗೆ ಅವಳು ನಕ್ಕಿರಲಿಲ್ಲ.

ಆ ಮಧ್ಯಾಹ್ನ ಊರು ಎದ್ದು ಊರೊಳಗೆ ಕಥೆಗಳಿದ್ದ ಜಾಗಗಳಿಗೆಲ್ಲ ಕಾಲಿಟ್ಟಿತು. ಗೋಪುರ ಹತ್ತಿದವರಿಗೆ ಮೇಲೆ ತಂಪು ಗಾಳಿ, ಅಲ್ಲಿಂದ ತಮ್ಮ ತಮ್ಮ ಮನೆಯ ಹೆಂಚು ಕಂಡಿತು. ಗಡಿಯಾರಕ್ಕೆ ಕೀ ಕೊಟ್ಟರು. ಸೇತುವೆಯ ಎಡಗಡೆಯಲ್ಲಿ ನಡೆದವರು, ಈ ಕಡೆಯಿಂದ ಹೊಳೆ ಬೇರೆಯೇ ಕಾಣುತ್ತದಲ್ಲ ಎಂದರು. ಯಜಮಾನರು ಕ್ಷೌರದಂಗಡಿಯ ಕನ್ನಡಿಯ ಚಾಪೆ ತೆಗೆಸಿ ತಮ್ಮ ಮೀಸೆಯನ್ನು ಮೊದಲ ಸಲ ಪೂರ್ತಿ ನೋಡಿಕೊಂಡು, ಕತ್ತರಿ ಕೇಳಿದರು. ಹಲಸಿನ ಮರದ ಕೆಳಗಂತೂ ಜಾತ್ರೆ. ಮೊಣಕೈವರೆಗೆ ಎಣ್ಣೆ ಸವರಿಕೊಂಡು ಹೆಂಗಸರು ಹಣ್ಣು ಬಿಡಿಸಿದರು.

ಮರುದಿನ ಬೆಳಗ್ಗೆ ಕಟ್ಟುವವಳು ಓದುವವರ ಮನೆಯ ಬಾಗಿಲು ತಟ್ಟಿದಳು. ಅವರು ಚಾಪೆಯ ಮೇಲೆ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದರು.

"ತಪ್ಪು ನನ್ನದು, ಮಾವ. ಗಾಳಿಗೆ ಹಾರಿಹೋಯಿತು. ಓದೋ ಹಾಗಿರಲಿಲ್ಲ. ಕಲೆ ನೋಡಿ ಜೋಡಿಸಿದೆ."

"ಹೊಲಿಗೆ ಗಟ್ಟಿಯಾಗಿದೆ," ಎಂದರು ಅವರು.

"ನೀವು ಬೈದರೆ ನನಗೆ ಸಮಾಧಾನ ಆಗುತ್ತೆ."

"ಬೈಯೋದಕ್ಕೆ ಹೊತ್ತಿಲ್ಲ ತಾಯಿ. ಹನ್ನೊಂದು ಕಥೆ ಹೇಗಾದರೂ ಇರಲಿ. ಕೊನೆಯದೊಂದನ್ನು ಈಗಲೇ ಬಿಡಿಸಿ ಸರಿಯಾಗಿ ಜೋಡಿಸಿಕೊಡು. ನಾನು ಬೀದಿಬೀದಿಯಲ್ಲಿ ನಿಂತು ಓದ್ತೀನಿ. ಈಗ ನಾವಿಬ್ಬರಿದ್ದೀವಿ, ಓದಬಹುದು."

ಅವಳು ದಾರ ಕತ್ತರಿಸಿದಳು. ತನ್ನ ಕೈಯಾರೆ ಹಾಕಿದ ಹೊಲಿಗೆ ಬಿಚ್ಚುವಾಗ ಸಂಕಟವಾಯಿತು. ಆಮೇಲೆ ಇಬ್ಬರೂ ಎದುರುಬದುರು ಕೂತು, ಒಬ್ಬರು ಓದುತ್ತ ಒಬ್ಬರು ಹುಡುಕುತ್ತ, ನೀರಿನ ಹೆಂಗಸಿನ ಎಂಟು ಹಾಳೆಗಳನ್ನು ಪಿಟೀಲು, ಬೆಕ್ಕು, ಚಹಾಗಳ ನಡುವಿನಿಂದ ಹೆಕ್ಕಿ ತೆಗೆದರು. ಕಟ್ಟುವವಳು ಅವನ್ನು ಒಂದರ ಹಿಂದೆ ಒಂದಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

"ಒಂದು ಹಾಳೆ ಕಳೆದಿದೆ, ಮಾವ."

"ಇಲ್ಲ. ಎಂಟೇ."

"ಹಸಿರು ಲಂಗ ಎಲ್ಲಿ? ಇದರಲ್ಲಿರೋ ಹೆಂಗಸು ಐವತ್ತು ವರ್ಷದ ವಿಧವೆ, ಕಪ್ಪು ಬಟ್ಟೆ ಹಾಕಿದ್ದಾಳೆ. ಮಚ್ಚೆ ಇಲ್ಲ. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೀನಿ, ನೀವು ಪ್ರತಿ ವರ್ಷ ಓದ್ತೀರಿ, ಹಸಿರು ಲಂಗ, ಎಡಗೆನ್ನೆಯ ಮೇಲೆ ಮಚ್ಚೆ ಅಂತ."

ಓದುವವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು.

"ಪುಸ್ತಕದಲ್ಲಿಲ್ಲ," ಎಂದರು. "ಅದು ನನ್ನ ಮಗಳು."

ಅವಳು ಕೈಯಲ್ಲಿದ್ದ ಹಾಳೆಗಳನ್ನು ಮಡಿಲಿಗೆ ಇಳಿಸಿದಳು.

"ನಲವತ್ತು ವರ್ಷವಾಯಿತು. ಹದಿನಾರು ತುಂಬಿರಲಿಲ್ಲ. ಹೊಂಡದಲ್ಲಿ ಈಜೋದಕ್ಕೆ ಹೋದವಳು ಬರಲಿಲ್ಲ. ಆಗಿನ ಯಜಮಾನರು ಬಂದು, 'ಇನ್ನೊಂದು ಮಗು ಹೋಗಬಾರದು, ಊರಿಗೆ ಏನಾದರೂ ಹೇಳು' ಅಂದರು. ನಾನು ಹೇಳೋದಕ್ಕೆ ನಿಂತೆ. ಬಾಯಿ ಬರಲಿಲ್ಲ. ಕೈಯಲ್ಲಿ ಈ ಪುಸ್ತಕ ಇತ್ತು. ಹನ್ನೆರಡನೆಯ ಕಥೆಗೆ ಆಗಿನ್ನೂ ಜಾಗ ಕೊಟ್ಟಿರಲಿಲ್ಲ. ಅದನ್ನು ಓದಿಬಿಟ್ಟೆ. ಓದ್ತಾ ಓದ್ತಾ ಆ ಹೆಂಗಸಿನ ಮುಖ ಬರೋ ಕಡೆ ನನ್ನ ಬಾಯಿಗೆ ಇವಳ ಮುಖ ಬಂತು. ಮಾರನೆಯ ವರ್ಷವೂ ಬಂತು. ವರ್ಷಕ್ಕೊಂದು ಸಲ ಅವಳನ್ನು ನೆನೆಯೋದಕ್ಕೆ ನನಗಿದ್ದದ್ದು ಅದೊಂದೇ ದಾರಿ."

"ಯಾರಿಗೂ ಗೊತ್ತಾಗಲಿಲ್ಲವಾ?"

"ಗೊತ್ತಿದ್ದವರು ಸುಮ್ಮನಿದ್ದರು. ಆಮೇಲೆ ಅವರೂ ಒಬ್ಬೊಬ್ಬರಾಗಿ ಹೋದರು, ಈಗ ಸೂಲಗಿತ್ತಿ ಅಜ್ಜಿ ಒಬ್ಬಳೇ ಉಳಿದಿರೋದು. ಮಕ್ಕಳು ಹೊಂಡದ ಹತ್ತಿರ ಸುಳಿಯಲಿಲ್ಲ, ಅಷ್ಟಾಯಿತು." ಅವರು ಕನ್ನಡಕ ಹಾಕಿಕೊಂಡರು. "ಆದರೆ ಏನಾಯ್ತು ನೋಡು. ಇಷ್ಟು ವರ್ಷ ಊರು ನನ್ನ ಮಗಳಿಗೆ ಹೆದರಿತು. ನಿನ್ನೆ ಅವಳನ್ನು ನೋಡಿ ನಕ್ಕಿತು. ಎರಡೂ ನನ್ನ ಬಾಯಿಂದಲೇ."

ಕಟ್ಟುವವಳು ಎಂಟು ಹಾಳೆಗಳ ಅಂಚನ್ನು ನೆಲಕ್ಕೆ ತಟ್ಟಿ ತಟ್ಟಿ ಸಮ ಮಾಡಿದಳು. ಆಗ ಬಾಗಿಲಲ್ಲಿ ಸೂಲಗಿತ್ತಿ ಅಜ್ಜಿ ಕಾಣಿಸಿಕೊಂಡಳು. ಆ ವಯಸ್ಸಿನಲ್ಲಿ ಅವಳು ಓಡಿಬಂದಿದ್ದಳು.

"ಏಳೋ ಮಗ," ಎಂದಳು ಓದುವವರಿಗೆ. "ಬಣ್ಣದ ಮನೆಯ ಹುಡುಗಿಯರು ಮೂವರೂ ಹೊಂಡದ ಕಡೆ ಹೋದರಂತೆ."

ಕ್ವಾರಿ ಊರಿನಿಂದ ಕೂಗಳತೆಯ ಆಚೆ. ಓದುವವರು ಎಂಟು ಹಾಳೆಗಳನ್ನು ಕೈಯಲ್ಲಿ ಹಿಡಿದು ಮುಂದೆ ಓಡಿದರು, ಕಟ್ಟುವವಳು ಹಿಂದೆ, ಅಜ್ಜಿ ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಕರೆಯುತ್ತ ಅವಳ ಹಿಂದೆ.

ಹೊಂಡ ಬಹಳ ಚೆಲುವಾಗಿತ್ತು. ಇಷ್ಟು ಕಾಲ ಯಾರೂ ನೋಡದೆ ಬಿಟ್ಟಿದ್ದ ನೀರು, ಆಳದಲ್ಲಿ ಹಸಿರು, ಮೇಲೆ ಆಕಾಶ. ಬಣ್ಣದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಹುಡುಗಿಯರು ಅವರು. ಮೂವರ ಕೈಯೂ ಮೊಣಕೈವರೆಗೆ ನೀಲಿ. ಇಬ್ಬರು ದಡದಲ್ಲಿ ಲಂಗ ಎತ್ತಿ ಕಟ್ಟಿಕೊಳ್ಳುತ್ತಿದ್ದರು. ಮೂರನೆಯವಳು ಆಗಲೇ ನೀರಿನ ನಡುವೆ ಈಜುತ್ತಿದ್ದಳು, ಚೆನ್ನಾಗಿಯೇ ಈಜುತ್ತಿದ್ದಳು.

ಓದುವವರು ಬಂದದ್ದನ್ನು ನೋಡಿ ದಡದವಳೊಬ್ಬಳು ನಕ್ಕಳು. "ತಾತ, ಅಳತೆ ಕೊಡೋಳು ಇನ್ನೂ ಬಂದಿಲ್ಲ."

ಅವರು ಹಾಳೆಗಳನ್ನು ಮುಖದ ಮುಂದೆ ಹಿಡಿದರು. ಬಾಯಿ ತೆರೆದರು. ಹೊಂಡದ ನೀರು ಅಲುಗಿತು, ಎಂಬ ಮೊದಲ ಮಾತು ಹೊರಟಿತು. ಹುಡುಗಿಯರಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದರು. ನೀರಿನಲ್ಲಿದ್ದವಳು ಅಲ್ಲಿಂದಲೇ, "ಸಡಿಲ ಇರಲಿ!" ಎಂದು ಕೂಗಿದಳು.

ಓದುವವರು ಹಾಳೆಗಳನ್ನು ಕಟ್ಟುವವಳ ಕೈಗೆ ಕೊಟ್ಟರು.

"ನನ್ನ ಮಗಳು ಇಲ್ಲಿ ಮುಳುಗಿ ಸತ್ತಳು," ಎಂದರು. ಆ ಕಂಚಿನ ಧ್ವನಿ ಅಲ್ಲಿರಲಿಲ್ಲ; ಸಾಧಾರಣ ಮುದುಕನ ಧ್ವನಿ. "ಆ ಚಪ್ಪಟೆ ಬಂಡೆಯಿಂದ ಹಾರಿದಳು. ನಿನ್ನಷ್ಟೇ ಚೆನ್ನಾಗಿ ಈಜುತ್ತಿದ್ದಳು. ಕೆಳಗೆ ಕಲ್ಲೆತ್ತೋ ಯಂತ್ರದ ಕಬ್ಬಿಣದ ಹಗ್ಗ ಹಾಗೇ ಬಿದ್ದಿದೆ, ಸುರುಳಿ ಸುರುಳಿ. ಅದು ಕಾಲಿಗೆ ಸುತ್ತಿಕೊಂಡಿತು. ನೀನೀಗ ಅದರ ಮೇಲೇ ಇದ್ದೀಯ."

ನಗು ನಿಂತಿತು. ನೀರಿನಲ್ಲಿದ್ದವಳ ಮುಖ ಸಣ್ಣದಾಯಿತು.

"ಕಾಲಿಗೆ ಏನೋ ತಾಗ್ತಿದೆ, ತಾತ."

"ತಾಗಲಿ. ಒದೀಬೇಡ. ಒದ್ದರೆ ಸುತ್ತಿಕೊಳ್ಳುತ್ತೆ. ಅಂಗಾತ ಮಲಗು, ಕಾಲು ಕಟ್ಟಿಗೆ ಥರಾ ಇರಲಿ. ಕೈ ಮಾತ್ರ ಆಡಿಸು. ನನ್ನ ಕಡೆ ಬೇಡ, ಬಲಕ್ಕೆ. ಹಾಗೇ. ಆಕಾಶ ನೋಡ್ತಾ ಬಾ."

ಅವಳು ಅಂಗಾತ ಮಲಗಿದಳು. ನೀಲಿ ಕೈಗಳು ನೀರನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದವು. ಒಂದು ಮಾರು ಬಂದಳು. ನಿಂತಳು. ಲಂಗದ ಅಂಚು ಎಲ್ಲೋ ಸಿಕ್ಕಿತ್ತು.

"ಬಿಡಿಸೋದಕ್ಕೆ ಹೋಗಬೇಡ," ಎಂದರು ಓದುವವರು. "ಲಾಡಿ ಬಿಚ್ಚು. ಲಂಗ ಹೋಗಲಿ, ಇನ್ನೊಂದು ಹೊಲಿಸಿದರಾಯ್ತು."

ಲಂಗ ಅಲ್ಲೇ ಉಳಿಯಿತು, ಹುಡುಗಿ ಬಂದಳು. ಕಟ್ಟುವವಳು ಬಂಡೆಯ ಮೇಲೆ ಬೋರಲು ಮಲಗಿ ಕೈ ಚಾಚಿದಳು. ದಬ್ಬಣ ತಳ್ಳಿ ಗಟ್ಟಿಯಾದ ಕೈ, ಹಿಡಿದದ್ದು ಬಿಡಲಿಲ್ಲ. ಹುಡುಗಿಯನ್ನು ಮೇಲೆಳೆದು, ತನ್ನ ಸೀರೆಯ ಸೆರಗನ್ನು ಅವಳಿಗೆ ಸುತ್ತಿ, ಇಬ್ಬರೂ ಹಾಗೇ ಕೂತು ಏದುಸಿರು ಬಿಟ್ಟರು. ಹುಡುಗಿಯ ಕಣಕಾಲಿನ ಮೇಲೆ ತುಕ್ಕಿನ ಗೆರೆಯೊಂದು ಉಳಿದಿತ್ತು. ಅದನ್ನು ಅವಳು ಉಜ್ಜಿ ಉಜ್ಜಿ ನೋಡಿದಳು.

ಅಷ್ಟರಲ್ಲಿ ಊರು ಬಂದು ಸುತ್ತ ನಿಂತಿತ್ತು. ಬಣ್ಣದ ಮನೆಯ ಹುಡುಗಿ ಚಳಿಗೆ ಹಲ್ಲು ಕಟಕಟಿಸುತ್ತಲೇ ಕೇಳಿದಳು: "ನಿಮ್ಮ ಮಗಳ ಹೆಸರೇನು, ತಾತ?"

ಓದುವವರು ಸೂಲಗಿತ್ತಿ ಅಜ್ಜಿಯ ಕಡೆ ನೋಡಿದರು. ಅಜ್ಜಿ, ಹೇಳು ಎಂಬಂತೆ ಗಲ್ಲ ಎತ್ತಿದಳು.

"ದೇವೀರಿ," ಎಂದರು ಓದುವವರು.

"ಕಾಲು ಮುಂದಾಗಿ ಹುಟ್ಟಿದವಳು," ಎಂದಳು ಅಜ್ಜಿ. "ಎರಡು ದಿನ ನಿದ್ದೆ ಕೆಡಿಸಿದಳು ನನಗೆ."

"ಮಾತು ಜಾಸ್ತಿ," ಎಂದರು ಓದುವವರು. "ಊಟಕ್ಕೆ ಕೂತರೆ ಮುಗಿಯೋ ಹಾಗಿಲ್ಲ. ಒಂದು ತುತ್ತಿಗೆ ಹತ್ತು ಪ್ರಶ್ನೆ. ಆಡು ಯಾಕೆ ಅಡ್ಡಡ್ಡ ಅಗಿಯುತ್ತೆ, ಅಪ್ಪ ಯಾಕೆ ಉದ್ದುದ್ದ ಅಗಿಯುತ್ತಾನೆ."

ಹಿಂದೆ ಯಾರೋ ಮೆಲ್ಲಗೆ ನಕ್ಕರು, ನಕ್ಕು ಹೆದರಿ ನಿಲ್ಲಿಸಿದರು. ಓದುವವರು ಅತ್ತ ತಿರುಗಿ, "ನಗಿ," ಎಂದರು. "ಅದು ನಗೋ ಮಾತೇ."

ಬಿಸಿಲು ಏರುವವರೆಗೂ ಅವರು ಹೇಳಿದರು, ಹಾಳೆಯಿಲ್ಲದೆ. ಅವಳು ಛತ್ರದ ಕತ್ತೆಗೆ ಹೆಸರಿಟ್ಟದ್ದು, ಹೊಳೆಯಲ್ಲಿ ಅಪ್ಪನಿಗೆ ಈಜು ಕಲಿಸಲು ನೋಡಿ ಸೋತದ್ದು. ಕೆಲವು ಕಡೆ ಜನ ನಕ್ಕರು, ಕೆಲವು ಕಡೆ ಓದುವವರ ಧ್ವನಿ ನಿಂತಿತು, ಆಗ ಎಲ್ಲರೂ ಕಾದರು. "ಆಮೇಲೆ?" ಎಂದು ಬಣ್ಣದ ಮನೆಯ ಹುಡುಗಿ ಕೇಳುತ್ತಿದ್ದಳು. ಅವರು ಮುಂದುವರಿಸುತ್ತಿದ್ದರು.

ಊರಿಗೆ ಮರಳುವಾಗ ಯಜಮಾನರು ಕಟ್ಟುವವಳನ್ನು ಕೇಳಿದರು: "ಪುಸ್ತಕವನ್ನು ಸರಿಯಾಗಿ ಜೋಡಿಸೋದಕ್ಕೆ ಎಷ್ಟು ದಿನ ಬೇಕಮ್ಮ?"

"ಯಾರಾದರೂ ಜೊತೆಗೆ ಕೂತರೆ ಎರಡು ದಿನ."

"ಜೋಡಿಸಬೇಡ," ಎಂದಳು ಸೂಲಗಿತ್ತಿ ಅಜ್ಜಿ. "ಆ ದೊರೆ ಚಹಾ ಕುಡಿದು ಸುಖವಾಗಿದ್ದಾನೆ, ಇರಲಿ."

ಕಟ್ಟುವವಳು ಕೈಯಲ್ಲಿದ್ದ ಎಂಟು ಹಾಳೆಗಳನ್ನು ಓದುವವರಿಗೆ ತೋರಿಸಿದಳು. "ಇದನ್ನೇನು ಮಾಡಲಿ, ಮಾವ?"

"ಉಳಿದವುಗಳ ಜೊತೆ ಹಾಕಿ ಹೊಲಿ," ಎಂದರು ಅವರು. "ಅದು ಆ ವಿಧವೆಯ ಕಥೆ. ಪಾಪ, ಅವಳಿಗೂ ಯಾರೋ ಇದ್ದಿರಬೇಕು."

ಕಬ್ಬಿಣದ ಹಗ್ಗವನ್ನು ತೆಗೆಯಲು ಆರು ದಿನ ಹಿಡಿಯಿತು. ಕೊಕ್ಕೆ ಇಳಿಸಿದರು, ನಾಲ್ಕು ಜೊತೆ ಎತ್ತು ಕಟ್ಟಿದರು, ಊರಿನ ಗಂಡಸರು ಹೆಂಗಸರು ಸಾಲಾಗಿ ನಿಂತು ಎಳೆದರು. ತುಕ್ಕು ಹಿಡಿದ ಸುರುಳಿಗಳು ಕೆಸರು ಸುರಿಸುತ್ತ ಒಂದೊಂದಾಗಿ ಮೇಲೆ ಬಂದವು. ಕೊನೆಯ ತುದಿ ಬಂಡೆಯ ಮೇಲೆ ಬಿದ್ದಾಗ ಎತ್ತುಗಳು ಕೂಡ ನಿಟ್ಟುಸಿರು ಬಿಟ್ಟವು. ಒಂದು ವಾರ ನೀರು ಕದಡಿತ್ತು. ಆಮೇಲೆ ತಿಳಿಯಾಯಿತು.

ತಿಳಿಯಾದ ಬೆಳಗ್ಗೆ ಬಣ್ಣದ ಮನೆಯ ಹುಡುಗಿಯರು ಮೂವರೂ ಹೊಂಡಕ್ಕೆ ಹೋದರು, ದಾರಿಯಲ್ಲಿ ಕಟ್ಟುವವಳನ್ನೂ ಓದುವವರನ್ನೂ ಎಬ್ಬಿಸಿಕೊಂಡರು. ಹುಡುಗಿಯರು ನೀರಿಗಿಳಿದರು. ಕಟ್ಟುವವಳು ದಡದಲ್ಲಿ ನಿಂತು ಮೊಣಕಾಲವರೆಗೆ ಇಳಿಯಲೋ ಬೇಡವೋ ಎಂದು ಯೋಚಿಸುತ್ತಿದ್ದಳು. ಓದುವವರು ಚಪ್ಪಟೆ ಬಂಡೆಯ ತುದಿಗೆ ಬಂದು, ಪಂಚೆ ಎತ್ತಿ ಕಟ್ಟಿ, ಕೂತು, ಎರಡೂ ಕಾಲನ್ನು ನೀರಿಗೆ ಬಿಟ್ಟರು. ಭುಜಗಳು ಒಮ್ಮೆಲೇ ಕಿವಿಯ ತನಕ ಏರಿದವು.

"ತಣ್ಣಗಿದೆಯಾ, ತಾತ?" ಎಂದು ಒಬ್ಬಳು ಕೂಗಿ ಕೇಳಿದಳು.

"ತಣ್ಣಗೇ ಇದೆ," ಎಂದರು ಅವರು. ಕಾಲನ್ನು ಮೇಲೆ ಎತ್ತಲಿಲ್ಲ. "ಬೆಚ್ಚಗಿದೆ ಬಾ ಅಪ್ಪ, ಬೆಚ್ಚಗಿದೆ ಬಾ ಅಂತ ದಿನಾ ಕ್ವಾರಿಯಿಂದ ಬಂದು ಹೇಳ್ತಿದ್ದಳು. ಸುಳ್ಳಿ."